ಕೆಳಗಿನ ಎಲೆ ಹಸಿರು, ಕುಡಿ ಮಾತ್ರ ಮುರುಟು: ಬೋರಾನ್ ಕೊರತೆಯೇ?

ಪ್ರಶ್ನೆ: ಟೊಮೆಟೊಗೆ ಸಾರಜನಕ, ಪೊಟ್ಯಾಷ್, ಕ್ಯಾಲ್ಸಿಯಂ ಎಲ್ಲ ಕೊಡುತ್ತಿದ್ದೇನೆ. ಆದರೂ ಕುಡಿ ಮುರುಟಿದೆ, ಹೂ ಉದುರುತ್ತಿದೆ. ಕೆಳಗಿನ ಎಲೆಗಳು ಮಾತ್ರ ಚೆನ್ನಾಗಿವೆ. ಬೋರಾನ್ ಕಡಿಮೆಯಾಗಿದೆಯೇ?

ಉತ್ತರ: ಆಗಿರಬಹುದು. ಕೆಳಗಿನ ಎಲೆಗಳು ಚೆನ್ನಾಗಿವೆ ಎಂಬ ನಿಮ್ಮ ಮಾತಿನಲ್ಲೇ ಸುಳಿವು ಇದೆ.

ಸಾರಜನಕ ಸಾಲದಿದ್ದರೆ ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಳೆಯದು ಹಳದಿಯಾಗುತ್ತದೆ. ಬೋರಾನ್ ವಿಷಯದಲ್ಲಿ ಟೊಮೆಟೊಗೆ ಈ ಸಾಲ ಹುಟ್ಟುವುದಿಲ್ಲ. ಬೇರು ಹೀರಿದ ನೀರಿನೊಂದಿಗೆ ಅದು ಮೇಲೇರುತ್ತದೆ, ಎಲೆಯಂಚಿನಲ್ಲಿ ನೀರು ಆವಿಯಾದಾಗ ಅಲ್ಲೇ ಉಳಿಯುತ್ತದೆ. ಸೇಬಿನ ಮರದಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ವಸ್ತು ಅದನ್ನು ಹೊತ್ತು ತಿರುಗುತ್ತದೆ. ಟೊಮೆಟೊಗೆ ಅಂಥ ಹಮಾಲಿ ಇಲ್ಲ. ಹಾಗಾಗಿ ಕಳೆದ ತಿಂಗಳ ಬೋರಾನ್ ಇಂದಿನ ಕುಡಿಗೆ ದಕ್ಕದು. ಹಳೆಯ ಎಲೆ ಕಿತ್ತು ಪರೀಕ್ಷೆಗೆ ಕಳಿಸಿದರೆ ‘ಸಾಕಷ್ಟಿದೆ’ ಎಂದೇ ವರದಿ ಬಂದೀತು.

ಕ್ಯಾಲ್ಸಿಯಂ ಕೊಟ್ಟರೂ ಏಕೆ ಸರಿಹೋಗಲಿಲ್ಲ? ಜೀವಕೋಶದ ಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟಿನಂಥ ವಸ್ತುವಿನ ಎಳೆಗಳನ್ನು ಜೋಡಿಜೋಡಿಯಾಗಿ ಬಿಗಿಯುವುದು ಬೋರಾನ್. ಆ ಗಂಟನ್ನು ಗಟ್ಟಿಮಾಡುವುದು ಕ್ಯಾಲ್ಸಿಯಂ. ಗಂಟೇ ಬೀಳದಿದ್ದರೆ ಗಟ್ಟಿಮಾಡುವುದೇನನ್ನು? ಬೇರಿನ ತುದಿಯಲ್ಲೂ ಇದೇ ಕಥೆ. ಬೋರಾನ್ ನಿಂತ ಕೆಲವೇ ಗಂಟೆಗಳಲ್ಲಿ ತುದಿ ಉದ್ದವಾಗುವುದು ನಿಧಾನವಾಗುತ್ತದೆ. ಬೇರು ಮೋಟಾದರೆ ರಂಜಕ, ಪೊಟ್ಯಾಷ್, ಕ್ಯಾಲ್ಸಿಯಂ ಹೀರುವುದೂ ತಗ್ಗುತ್ತದೆ. ನೀವು ಕೊಟ್ಟ ಗೊಬ್ಬರ ಮಣ್ಣಿನಲ್ಲೇ ಕುಳಿತಿರಬಹುದು.

ಕ್ಯಾಲ್ಸಿಯಂ ಸಹ ಒಮ್ಮೆ ಎಲೆ ಸೇರಿದರೆ ಕದಲುವುದಿಲ್ಲ, ಆದ್ದರಿಂದ ಎರಡರ ಕೊರತೆಯೂ ಮೊದಲು ಕುಡಿಯಲ್ಲೇ ಕಾಣುತ್ತದೆ. ಎಲೆತೊಟ್ಟು ಬಗ್ಗಿಸಿ ನೋಡಿ. ಬೋರಾನ್ ಕೊರತೆಯಾದರೆ ಲಟಕ್ಕನೆ ಮುರಿಯುತ್ತದೆ. ಕಾಯಿಯ ತಳ ಕಪ್ಪಾಗಿ ಕುಳಿಬಿದ್ದಿದ್ದರೆ ಅನುಮಾನ ಕ್ಯಾಲ್ಸಿಯಂ ಮೇಲೆ.

ಬೋರಾನ್ ಹಾಕುವ ಮುನ್ನ ಮಣ್ಣು ನೋಡಿ. ಒಣಗಿದ್ದರೆ ಮೊದಲು ನೀರು ಬೇಕು, ಏಕೆಂದರೆ ನೀರಿಲ್ಲದೆ ಅದು ಏರದು. ಸುಣ್ಣ ಹೆಚ್ಚಾದ ಮಣ್ಣು ಅದನ್ನು ಹಿಡಿದಿಡುತ್ತದೆ, ಮರಳು ಮಣ್ಣಿನಿಂದ ಮಳೆಗೆ ತೊಳೆದುಹೋಗುತ್ತದೆ. ಕೊರತೆ ಖಚಿತವಾದರೆ ಲೀಟರ್ ನೀರಿಗೆ 1 ಗ್ರಾಂ ಬೋರಿಕ್ ಆಮ್ಲ ಬೆರೆಸಿ, ಹೂ ಬರುವ ಹೊತ್ತಿಗೆ ಸಂಜೆ ಸಿಂಪಡಿಸಬಹುದು. ಬೋರಿಕ್ ಆಮ್ಲದಲ್ಲಿ ಬೋರಾನ್ ಅಂಶ ಸುಮಾರು 17%, ಬೋರಾನಿನ ಇನ್ನೊಂದು ಪುಡಿಯಾದ ಬೊರಾಕ್ಸ್‌ನಲ್ಲಿ 11%; ಅಳತೆ ಅದಲುಬದಲಾಗಬಾರದು. ಆಮೇಲೆ ಬರುವ ಚಿಗುರು ನೇರವಾಗಿದ್ದರೆ ನಿಮ್ಮ ಊಹೆ ಸರಿ. ಮುರುಟಿದ ಹಳೆಯದು ಹಾಗೇ ಉಳಿಯುತ್ತದೆ.

ಕೈ ಜೋರು ಮಾಡಬೇಡಿ. ಹೆಚ್ಚಾದರೆ ಹಳೆಯ ಎಲೆಗಳ ಅಂಚು ಸುಟ್ಟಂತಾಗುತ್ತದೆ. ಟೊಮೆಟೊ ಸ್ವಲ್ಪ ತಡೆದೀತು. ಅದೇ ಮಣ್ಣಿಗೆ ಮುಂದೆ ಬೀನ್ಸ್ ಹಾಕಿದರೆ ಅದು ತಡೆಯದು.