ಮಲದ ಹಿಡಿತವಿಲ್ಲದ ಮಗುವಿಗೆ ಶಸ್ತ್ರಚಿಕಿತ್ಸೆ ಏನು ಮಾಡಬಲ್ಲದು

ಮಧುಗಿರಿ, ಪಾವಗಡ, ಶಿರಾ ಕಡೆಯಿಂದ ಮಕ್ಕಳನ್ನು ತುಮಕೂರಿಗೆ ಕರೆತರುವ ತಂದೆತಾಯಿಯರಲ್ಲಿ ಹೆಚ್ಚಿನವರು ಈ ತೊಂದರೆಯನ್ನು ಮೊದಲೇ ಹೇಳುವುದಿಲ್ಲ. ಹೊಟ್ಟೆನೋವು ಎನ್ನುತ್ತಾರೆ, ಊಟ ಸೇರುತ್ತಿಲ್ಲ ಎನ್ನುತ್ತಾರೆ. ಮಗುವನ್ನು ಪರೀಕ್ಷೆಗೆ ಮಲಗಿಸಿದ ಮೇಲೆ ತಾಯಿ ದನಿ ತಗ್ಗಿಸಿ, “ಚಡ್ಡಿಯಲ್ಲೇ ಆಗ್ಬಿಡುತ್ತೆ ಸಾರ್, ಇವನಿಗೆ ಗೊತ್ತೇ ಆಗಲ್ಲ” ಎನ್ನುತ್ತಾರೆ. ಅಷ್ಟು ಹೊತ್ತಿಗೆ ಎಂಟೊಂಬತ್ತು ವರ್ಷದ ಆ ಹುಡುಗ ಶಾಲೆಯಲ್ಲಿ ಕೊನೆಯ ಬೆಂಚಿಗೆ ಸರಿದಿರುತ್ತಾನೆ, ಇಲ್ಲವೇ ಶಾಲೆಯನ್ನೇ ಬಿಟ್ಟಿರುತ್ತಾನೆ. ಆಪರೇಷನ್ ಮಾಡಿದರೆ ಸರಿಹೋಗುತ್ತದೆಯೇ ಎಂಬುದು ಅವರ ಮುಂದಿನ ಪ್ರಶ್ನೆ. ಮಲ ಯಾವ ಕಾರಣಕ್ಕೆ ಸೋರುತ್ತಿದೆ ಎಂಬುದು ಗೊತ್ತಾಗುವವರೆಗೆ ಈ ಪ್ರಶ್ನೆಗೆ ಉತ್ತರ ಕೊಡಬಾರದು.

ನಾಲ್ಕು ವರ್ಷ ದಾಟಿದ ಮಗು ಬಟ್ಟೆಯಲ್ಲೇ ಮಲ ಮಾಡಿಕೊಳ್ಳುತ್ತಿದ್ದರೆ ಅದಕ್ಕೆ ಬಹುತೇಕ ಸಂದರ್ಭಗಳಲ್ಲಿ ಹಳೆಯ ಮಲಬದ್ಧತೆಯೇ ಕಾರಣ. ಗುದನಾಳದಲ್ಲಿ ಗಟ್ಟಿ ಮಲ ತಿಂಗಳುಗಟ್ಟಲೆ ಕಟ್ಟಿಕೊಂಡು, ನಾಳ ಹಿಗ್ಗಿ, ತುಂಬಿದೆ ಎಂಬ ಅರಿವೇ ಮಂಕಾಗಿ, ಆ ಗಟ್ಟಿ ಮಲದ ಪಕ್ಕದಿಂದ ತೆಳುವಾದ ಮಲ ಹೊರಗೆ ಜಾರುತ್ತದೆ. ಇದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲಿಸುವ ಔಷಧ ಕೊಟ್ಟರೆ ಕರುಳು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಇಂಥ ಮಗುವಿಗೆ ಬೇಕಾದದ್ದು ಕಟ್ಟಿದ ಮಲವನ್ನು ಮೊದಲು ಪೂರ್ತಿ ಹೊರಹಾಕುವುದು, ಅನಂತರ ಮಲ ಮೆದುಗೊಳಿಸುವ ಔಷಧವನ್ನು ತಿಂಗಳುಗಳ ಕಾಲ ಬಿಡದೆ ಕೊಡುವುದು ಮತ್ತು ಊಟವಾದ ಮೇಲೆ ಐದು ಹತ್ತು ನಿಮಿಷ ಶೌಚಕ್ಕೆ ಕೂರಿಸುವುದು. ಔಷಧ ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿ ಮೂರನೆಯ ವಾರಕ್ಕೆ ನಿಲ್ಲಿಸುವುದೇ ನಾನು ಕಾಣುವ ಅತಿ ದೊಡ್ಡ ತಪ್ಪು. ಈ ಮಕ್ಕಳಿಗೆ ಹೊಡೆತವೂ ಬೀಳುತ್ತದೆ. ಸೋರುವುದು ಮಗುವಿನ ಹತೋಟಿಯಲ್ಲಿಲ್ಲ. ಹೊಡೆದರೆ ಅದು ಇನ್ನಷ್ಟು ತಡೆಹಿಡಿಯುವುದನ್ನು ಮಾತ್ರ ಕಲಿಯುತ್ತದೆ.

ಶಸ್ತ್ರಚಿಕಿತ್ಸೆಯ ಮಾತು ಬರುವುದು ಹಿಡಿತದ ಯಂತ್ರವೇ ಹುಟ್ಟಿನಿಂದ ಅಪೂರ್ಣವಾಗಿರುವ ಅಥವಾ ಮುಂದೆ ಹಾನಿಗೊಂಡ ಮಕ್ಕಳಲ್ಲಿ. ಸುಮಾರು 5,000 ಶಿಶುಗಳಲ್ಲಿ ಒಂದು ಮಲದ್ವಾರವಿಲ್ಲದೆ ಅಥವಾ ಅದು ತಪ್ಪಾದ ಜಾಗದಲ್ಲಿದ್ದು ಹುಟ್ಟುತ್ತದೆ; ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದೆ ಹುಟ್ಟುವ ಹಿರ್ಷ್‌ಸ್ಪ್ರಂಗ್ ಕಾಯಿಲೆಯ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಬೆನ್ನುಹುರಿಯ ಸೀಳಿನೊಂದಿಗೆ ಹುಟ್ಟುವ ಮಕ್ಕಳದು ಇನ್ನೊಂದು ಗುಂಪು. ಮಲ ಹಿಡಿದಿಡಲು ಮೂರು ಬೇಕು: ಮುಚ್ಚುವ ಸ್ನಾಯುಗಳು, ಒಳಗೆ ಬಂದಿರುವುದು ಗಾಳಿಯೋ ಮಲವೋ ಎಂದು ತಿಳಿಸುವ ಸಂವೇದನೆ, ಮಲವನ್ನು ಸಂಗ್ರಹಿಸಿ ಹೊತ್ತಿಗೆ ಸರಿಯಾಗಿ ಮುಂದೂಡುವ ಕರುಳಿನ ಚಲನೆ. ಶಸ್ತ್ರಚಿಕಿತ್ಸಕನು ಇರುವ ಸ್ನಾಯುವಿನ ನಡುವೆ ಕರುಳನ್ನು ಸರಿಯಾಗಿ ಕೂರಿಸಬಲ್ಲ. ಇಲ್ಲದ ನರವನ್ನಾಗಲಿ ಸಂವೇದನೆಯನ್ನಾಗಲಿ ಸೃಷ್ಟಿಸಲಾರ.

ಆಲ್ಬರ್ಟೊ ಪೆನ್ಯಾ ಮತ್ತು ಪೀಟರ್ ಡಿ ವ್ರೀಸ್ 1982ರಲ್ಲಿ ಪ್ರಕಟಿಸಿದ ವಿಧಾನ ನಮಗೆ ಕೊಟ್ಟದ್ದು ಈ ಕೂರಿಸುವ ಕೆಲಸದ ನಿಖರತೆಯನ್ನು. ಮಗುವನ್ನು ಬೋರಲು ಮಲಗಿಸಿ, ಹಿಂಭಾಗದ ನಟ್ಟನಡುವೆ ಸೀಳಿ, ವಿದ್ಯುತ್ ಪ್ರಚೋದಕದಿಂದ ಸ್ನಾಯು ಎಲ್ಲಿ ಸಂಕುಚಿಸುತ್ತದೆ ಎಂದು ಕಣ್ಣಾರೆ ನೋಡುತ್ತ ಗುದನಾಳವನ್ನು ಅದರ ಮಧ್ಯದಲ್ಲಿ ನಿಲ್ಲಿಸುತ್ತೇವೆ. ದೋಷ ಚರ್ಮದ ಹತ್ತಿರವೇ ಇದ್ದರೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಒಳ್ಳೆಯ ಹಿಡಿತ ಬರುತ್ತದೆ. ಕರುಳು ಮೂತ್ರಕೋಶದ ಕತ್ತಿಗೆ ಕೂಡಿಕೊಂಡಿದ್ದು, ಬೆನ್ನಿನ ಕೊನೆಯ ಮೂಳೆಯೂ ಬೆಳೆದಿಲ್ಲದಿದ್ದರೆ ಎಷ್ಟೇ ಚೆನ್ನಾಗಿ ಹೊಲಿದರೂ ಹಿಡಿತ ಬರುವ ಸಾಧ್ಯತೆ ಕಡಿಮೆ. ಇದನ್ನು ತಂದೆತಾಯಿಗೆ ಮೊದಲ ವರ್ಷದಲ್ಲೇ ಹೇಳಬೇಕೆಂದು ನಾನು ನಂಬುತ್ತೇನೆ; ಏಳು ವರ್ಷ ಕಾದು ನಿರಾಶರಾಗುವುದಕ್ಕಿಂತ ಅದು ಮೇಲು.

ಹೊಸ ಸ್ನಾಯುವನ್ನೇ ಜೋಡಿಸಬಾರದೇಕೆ ಎಂದು ಕೇಳುವವರಿದ್ದಾರೆ. 1952ರಲ್ಲಿ ಪಿಕ್ರೆಲ್ ಮತ್ತು ಸಂಗಡಿಗರು ತೊಡೆಯ ಗ್ರಾಸಿಲಿಸ್ ಸ್ನಾಯುವನ್ನು ಮಲದ್ವಾರದ ಸುತ್ತ ಸುತ್ತಿದ್ದನ್ನು ನಾಲ್ಕು ಮಕ್ಕಳಲ್ಲಿ ವರದಿ ಮಾಡಿದ್ದರು. ಆದರೆ ನಡೆದಾಡಲು ಬಳಕೆಯಾಗುವ ಸ್ನಾಯು ಬೇಗ ದಣಿಯುತ್ತದೆ. ದಿನವಿಡೀ ಬಿಗಿದುಕೊಂಡಿರುವುದು ಅದರ ಸ್ವಭಾವವಲ್ಲ. ಹಾಗಾಗಿ ಮಕ್ಕಳಲ್ಲಿ ನಾನು ಅದನ್ನು ಸೂಚಿಸುವುದಿಲ್ಲ.

ಹಿಡಿತ ತರಲಾಗದಿದ್ದರೂ ಮಗುವನ್ನು ಶುಚಿಯಾಗಿ ಇಡಬಹುದು. ದೊಡ್ಡ ಕರುಳನ್ನು ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿದರೆ ಮುಂದಿನ 24 ಗಂಟೆ ಸೋರಲು ಅಲ್ಲಿ ಏನೂ ಉಳಿದಿರುವುದಿಲ್ಲ. ಇದನ್ನು ಮೊದಲು ಮಲದ್ವಾರದ ಮೂಲಕ ಎನಿಮಾ ಕೊಟ್ಟು ಸಾಧಿಸಬೇಕು. ಒಂದು ವಾರ ಪ್ರತಿದಿನ ಹೊಟ್ಟೆಯ ಎಕ್ಸ್‌ರೇ ನೋಡುತ್ತ ನೀರಿನ ಪ್ರಮಾಣವನ್ನು ಆ ಮಗುವಿಗೆ ತಕ್ಕಂತೆ ಹೊಂದಿಸುತ್ತೇವೆ. ಒಂದು ಲೀಟರ್ ನೀರಿಗೆ ಅಳತೆಯ ಚಮಚದಲ್ಲಿ ಒಂದೂವರೆ ಟೀ ಚಮಚ, ಅಂದರೆ ಸುಮಾರು 9 ಗ್ರಾಂ ಉಪ್ಪು ಬೆರೆಸಬೇಕು. ಉಪ್ಪಿಲ್ಲದ ನೀರನ್ನು ಅಷ್ಟು ಪ್ರಮಾಣದಲ್ಲಿ ಕರುಳಿಗೆ ಬಿಟ್ಟರೆ ರಕ್ತದಲ್ಲಿ ಸೋಡಿಯಂ ಕುಸಿದು ಮಗುವಿಗೆ ಫಿಟ್ಸ್ ಬರಬಹುದು. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೇ ಬಳಸಿ ಎಂದು ಹೇಳುತ್ತೇನೆ. ಮೂತ್ರಪಿಂಡದ ದೋಷವೂ ಇರುವ ಮಕ್ಕಳಿಗೆ ಅಂಗಡಿಯ ಫಾಸ್ಫೇಟ್ ಎನಿಮಾವನ್ನು ವೈದ್ಯರನ್ನು ಕೇಳದೆ ಕೊಡಲೇಬಾರದು.

ಐದು ವರ್ಷದ ಮಗು ತಾಯಿಯ ಕೈಯಲ್ಲಿ ಎನಿಮಾ ಹಾಕಿಸಿಕೊಳ್ಳುತ್ತದೆ, ಹನ್ನೊಂದರ ಹುಡುಗಿ ಹಾಕಿಸಿಕೊಳ್ಳುವುದಿಲ್ಲ, ಹಾಕಿಸಿಕೊಳ್ಳಬೇಕೆಂದು ಕೇಳುವುದೂ ಸರಿಯಲ್ಲ. ಅಲ್ಲಿಗೆ ಬರುವುದು 1990ರಲ್ಲಿ ಇಂಗ್ಲೆಂಡಿನ ಮೆಲೋನ್ ವರದಿ ಮಾಡಿದ ಶಸ್ತ್ರಚಿಕಿತ್ಸೆ. ದೊಡ್ಡ ಕರುಳಿನ ಆರಂಭದಲ್ಲಿರುವ ಕಿರುನಾಳವಾದ ಅಪೆಂಡಿಕ್ಸ್‌ನ ತುದಿಯನ್ನು ಹೊಕ್ಕುಳಿಗೆ ತಂದು ಹೊಲಿದು, ಅದರ ಬುಡದ ಸುತ್ತ ಕರುಳನ್ನು ಮಡಿಸಿ ಕವಾಟದಂತೆ ಮಾಡುತ್ತೇವೆ. ನೀರು ಒಳಗೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಮಗು ಶೌಚಾಸನದ ಮೇಲೆ ಕುಳಿತು ತಾನೇ ತೆಳು ಕೊಳವೆ ತೂರಿಸಿ ನೀರು ಬಿಟ್ಟುಕೊಳ್ಳುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕರುಳು ಮೇಲಿನಿಂದ ಕೆಳಕ್ಕೆ ತೊಳೆದುಹೋಗುತ್ತದೆ. ರಂಧ್ರ ಹೊಕ್ಕುಳಿನ ಮಡಿಕೆಯೊಳಗೆ ಅಡಗಿರುತ್ತದೆ. ಬೆನ್ನುಹುರಿಯ ಸೀಳಿರುವ ಮಕ್ಕಳಿಗೆ ಲ್ಯಾಟೆಕ್ಸ್ ಅಲರ್ಜಿ ಸಾಮಾನ್ಯವಾದ್ದರಿಂದ ಅವರಿಗೆ ಸಿಲಿಕೋನ್ ಕೊಳವೆಯೇ ಆಗಬೇಕು.

ಇದು ನೀರಿನ ದಾರಿಯನ್ನು ಬದಲಿಸುವ ಶಸ್ತ್ರಚಿಕಿತ್ಸೆಯೇ ಹೊರತು ಹಿಡಿತ ಕೊಡುವ ಶಸ್ತ್ರಚಿಕಿತ್ಸೆಯಲ್ಲ. ಕೆಳಗಿನಿಂದ ಕೊಟ್ಟ ಎನಿಮಾದಿಂದ ಶುಚಿಯಾಗಿ ಉಳಿಯದ ಮಗು ಇದರಿಂದಲೂ ಶುಚಿಯಾಗುತ್ತದೆ ಎಂಬ ಭರವಸೆಯಿಲ್ಲ. ಆದ್ದರಿಂದ ಎನಿಮಾ ಫಲಿಸಿದೆ ಎಂದು ಖಚಿತವಾಗುವವರೆಗೆ ನಾನು ದಿನಾಂಕ ಕೊಡುವುದಿಲ್ಲ. ಸಾಮಾನ್ಯ ಶಸ್ತ್ರಚಿಕಿತ್ಸೆ ಮಾಡುವ ಮಿತ್ರರಲ್ಲಿ ನನ್ನ ವಿನಂತಿಯೊಂದಿದೆ: ಇಂಥ ದೋಷಗಳಿರುವ ಮಗುವಿನ ಹೊಟ್ಟೆಯನ್ನು ಬೇರೆ ಕಾರಣಕ್ಕೆ ತೆರೆದಾಗ, ಹೇಗೂ ತೆರೆದಿದ್ದೇವಲ್ಲ ಎಂದು ಆರೋಗ್ಯವಾಗಿರುವ ಅಪೆಂಡಿಕ್ಸನ್ನು ತೆಗೆಯಬೇಡಿ. ಅದು ಇಲ್ಲದಿದ್ದರೆ ಕರುಳಿನ ಗೋಡೆಯಿಂದಲೇ ನಾಳ ರಚಿಸಬಹುದು, ಆದರೆ ಅದು ಹೆಚ್ಚು ದೊಡ್ಡ ಕೆಲಸ.

ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಕೊಳವೆಯನ್ನು ಅಲ್ಲಿಯೇ ಬಿಟ್ಟಿರುತ್ತೇವೆ. ಅನಂತರದ ತೊಂದರೆಗಳಲ್ಲಿ ಸಾಮಾನ್ಯವಾದದ್ದು ರಂಧ್ರದ ಬಾಯಿ ಕಿರಿದಾಗುವುದು. ನಿನ್ನೆ ಸಲೀಸಾಗಿ ಹೋದ ಕೊಳವೆ ಇಂದು ಬಿಗಿಯಾದರೆ ಬಲವಂತವಾಗಿ ತೂರಿಸಬೇಡಿ, ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ಕಾಯಲೂ ಬೇಡಿ. ಅದೇ ದಿನ ಕರೆತಂದರೆ ಹಿಗ್ಗಿಸಿ ಉಳಿಸಿಕೊಳ್ಳಬಹುದು, ತಡವಾದರೆ ಬಾಯಿ ಮುಚ್ಚಿಕೊಂಡು ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ.