ಸಿಡುಬು ಬೇರೆ, ಸೀತಾಳೆ ಬೇರೆ

‘ಮಕ್ಕಳಿಗೆ ಸಿಡುಬು’ ಎಂಬ ತಲೆಬರಹ ಮತ್ತೆ ಕಣ್ಣಿಗೆ ಬಿತ್ತು. ಸಾಧ್ಯವೇ ಇಲ್ಲ. ಸಿಡುಬು ಲೋಕದಿಂದಲೇ ತೊಲಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲೇ ಸಾರಿತು. ಈಗ ಮಕ್ಕಳಿಗೆ ಬರುವುದು ಸೀತಾಳೆ, ಅಂದರೆ ಚಿಕನ್‌ಪಾಕ್ಸ್. ಮನೆಯಲ್ಲಿ ಎರಡಕ್ಕೂ ‘ಅಮ್ಮ’ ಅನ್ನಲಿ, ತಕರಾರಿಲ್ಲ. ಸುದ್ದಿ ಬರೆಯುವವರು ಮಾತ್ರ ಬೆರೆಸಬಾರದು. ‘ನಂಗೆ ಚಿಕ್ಕಂದಿನಲ್ಲೇ ದೇವಿ ಹಾಕಿದ್ದಾರೆ’ ಅಂತ ತೋಳಿನ ಗುರುತು ತೋರಿಸುವ ಅಜ್ಜಿಗೆ ಆ ಸಿಡುಬಿನ ಲಸಿಕೆ ಸೀತಾಳೆಯಿಂದ ರಕ್ಷಣೆ ಕೊಡುವುದಿಲ್ಲ. ವೈರಸ್ಸೇ ಬೇರೆ. ಸೀತಾಳೆಯ ನೆಂಟಸ್ತಿಕೆ ಸರ್ಪಸುತ್ತಿನ ಜೊತೆ.

ಮೈ ನೋಡಿದರೂ ತಿಳಿಯುತ್ತಿತ್ತು. ಸಿಡುಬಿನಲ್ಲಿ ಮೊದಲು ಎರಡು ಮೂರು ದಿನ ಜೋರು ಜ್ವರ. ಆಮೇಲೆ ಮುಖ, ಕೈಕಾಲಿನ ಮೇಲೆ ಜಾಸ್ತಿ ಗುಳ್ಳೆ. ಅಂಗೈ, ಅಂಗಾಲನ್ನೂ ಬಿಡುತ್ತಿರಲಿಲ್ಲ. ಒಂದು ಕಡೆಯ ಗುಳ್ಳೆಗಳೆಲ್ಲ ಒಟ್ಟಿಗೇ ಕೀವು ತುಂಬಿ, ಒಟ್ಟಿಗೇ ಒಣಗುತ್ತಿದ್ದವು. ಸೀತಾಳೆಯಲ್ಲಿ ಎದೆ, ಬೆನ್ನಿನ ಮೇಲೆ ಜಾಸ್ತಿ. ಹೊಸ ಗುಳ್ಳೆಯ ಪಕ್ಕದಲ್ಲೇ ಹಕ್ಕಳೆ ಕಟ್ಟಿದ್ದೂ ಇರುತ್ತದೆ.

ರೋಗದ ಹೆಸರು ಬದಲಾದರೆ ಎಷ್ಟು ಜೀವ ಹೋಗುತ್ತವೆ ಅಂತ ತಿಳಿಯಲು ದಕ್ಷಿಣ ಆಫ್ರಿಕಾದ ಕಿಂಬರ್ಲಿಯನ್ನು ನೋಡಬೇಕು. ವಜ್ರ ಸಿಕ್ಕಿದ್ದೇ ಎದ್ದು ನಿಂತ ಊರು ಅದು. 1883ರ ಕೊನೆಯಲ್ಲಿ, ಗಣಿ ಕೆಲಸಕ್ಕೆ ಬರುತ್ತಿದ್ದ ಆಫ್ರಿಕನ್ ಕೂಲಿಗಳಲ್ಲಿ ಗುಳ್ಳೆ ಕಾಣಿಸಿತು. ಇದು ಸಿಡುಬು ಎಂದು ಡಾಕ್ಟರ್ ಹಾನ್ಸ್ ಸಾವರ್ ಹೇಳಿದ. ಡಾಕ್ಟರ್ ಜೇಮ್ಸನ್ ಮತ್ತು ಇನ್ನು ಕೆಲವರು ಅಲ್ಲವೆಂದರು. ಇದು ‘ಪೆಂಫಿಗಸ್’ ಜಾತಿಯ ಗುಳ್ಳೆರೋಗ ಎಂದು ಕರಪತ್ರ ಹಂಚಿದರು. ಪೆಂಫಿಗಸ್ ಎಂದರೆ ಗ್ರೀಕ್ ಮೂಲದಲ್ಲಿ ಬರೀ ಗುಳ್ಳೆ. ಅದು ಅಂಟುರೋಗವೇ ಅಲ್ಲ. ಅವರಿಗೆ ಬೇಕಾಗಿದ್ದೂ ಅದೇ. ಸಿಡುಬು ಅಂದುಬಿಟ್ಟರೆ ಕೂಲಿಗಳು ಓಡಿಹೋಗುತ್ತಾರೆ, ಸೌದೆ ಮತ್ತು ಧಾನ್ಯದ ಗಾಡಿಗಳು ಊರಿಗೆ ಬರುವುದಿಲ್ಲ, ಗಣಿ ನಿಲ್ಲುತ್ತದೆ. ರೋಗಿಗಳು ಬಿಳಿಯರೇ ಆಗಿದ್ದರೆ ಈ ಹೆಸರು ಒಂದು ವಾರವೂ ನಿಲ್ಲುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಂಟುವುದಿಲ್ಲ ಎಂದ ಮೇಲೆ ರೋಗಿಗಳನ್ನು ಬೇರೆ ಇಡುವುದು ಯಾಕೆ, ಲಸಿಕೆ ಯಾಕೆ, ಅಲ್ವಾ? ಸಿಡುಬು ಊರೆಲ್ಲ ಹರಡಿತು. ಸತ್ತವರು ಸುಮಾರು 700 ಮಂದಿ, ಹೆಚ್ಚಿನವರು ಆಫ್ರಿಕನ್ನರು.

ಜೇಮ್ಸನ್‌ಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಗಣಿ ದೊರೆ ಸೆಸಿಲ್ ರೋಡ್ಸ್‌ನ ಬಲಗೈಯಾಗಿ ಬೆಳೆದ. 1904ರಲ್ಲಿ ಅಲ್ಲಿನ ಬ್ರಿಟಿಷ್ ವಸಾಹತು ಕೇಪ್ ಕಾಲೊನಿಯ ಪ್ರಧಾನಿಯಾದ.