ಸಿನಿಮಾದಲ್ಲಿ ಕಟ್ ಆಗಿದ್ದು ಕಣ್ಣಿಗೆ ಯಾಕೆ ಗೊತ್ತಾಗಲ್ಲ?

ಕನ್ನಡಿ ಮುಂದೆ ನಿಂತುಕೊಳ್ಳಿ. ಮೊದಲು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ಹಾಗೇ ನಾಲ್ಕೈದು ಸಲ ಅತ್ತ ಇತ್ತ ನೋಡಿ. ನಿಮ್ಮ ಕಣ್ಣುಗುಡ್ಡೆ ಸರಿಯುವುದು ನಿಮಗೆ ಒಂದು ಸಲವೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ನಂಬಿಕೆ ಬರದಿದ್ದರೆ ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಇದನ್ನೇ ಮಾಡಿ. ಅದರಲ್ಲಿ ಕಣ್ಣು ಓಡಾಡುವುದು ಕಾಣುತ್ತದೆ, ಯಾಕೆಂದರೆ ಫೋನ್ ಚಿತ್ರವನ್ನು ಒಂದು ಚೂರು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ನಿಮ್ಮ ಕಣ್ಣು ಸರಿದು ನಿಂತಿರುತ್ತದೆ.

ನಾವು ಸೆಕೆಂಡಿಗೆ ಸುಮಾರು ಮೂರು ಸಲ ಹೀಗೆ ಕಣ್ಣು ಹಾರಿಸುತ್ತಲೇ ಇರುತ್ತೇವೆ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳು ನೋಡಿದರೆ ಎಷ್ಟು ಅಗಲ ಕಾಣುತ್ತದೋ, ಹೆಚ್ಚುಕಮ್ಮಿ ಅಷ್ಟು ಜಾಗ ಮಾತ್ರ ನಮಗೆ ನಿಚ್ಚಳವಾಗಿ ಕಾಣುವುದು. ಉಳಿದದ್ದೆಲ್ಲ ಮಸುಕು. ಅದಕ್ಕೇ ಕಣ್ಣು ಅಲ್ಲಿಂದ ಇಲ್ಲಿಗೆ ಹಾರುತ್ತಾ ತುಂಡು ತುಂಡಾಗಿ ನೋಡುತ್ತದೆ. ಹಾರುವಾಗ ಕಣ್ಣಿಗೆ ಬೀಳುವ ಕಲಸುಮೇಲೋಗರವನ್ನು ಮಿದುಳು ಕತ್ತರಿಸಿ ಬಿಸಾಕುತ್ತದೆ. ಉಳಿದ ತುಂಡುಗಳನ್ನು ಜೋಡಿಸಿ, ಎಲ್ಲೂ ಕಡಿಯದ ಒಂದೇ ಲೋಕ ಅಂತ ನಮಗೆ ಕೊಡುತ್ತದೆ. ಎಡಿಟಿಂಗ್ ಅನ್ನೋದು ಸಿನಿಮಾದವರು ಕಂಡುಹಿಡಿದ ವಿದ್ಯೆ ಅಂತ ನಾವು ಅಂದುಕೊಂಡಿದ್ದೇವೆ ಅಲ್ವಾ? ನನ್ನ ಪ್ರಕಾರ ಸಿನಿಮಾ ಹುಟ್ಟುವ ಎಷ್ಟೋ ಮೊದಲೇ ನಮ್ಮ ತಲೆಯೊಳಗೆ ಒಂದು ಎಡಿಟಿಂಗ್ ರೂಮ್ ಇತ್ತು.

ಇಲ್ಲದಿದ್ದರೆ ಕಟ್ ಅನ್ನೋದು, ಅಂದರೆ ಕ್ಯಾಮೆರಾ ಒಂದೇ ಓಟದಲ್ಲಿ ತೆಗೆದ ಒಂದು ತುಣುಕು (ಶಾಟ್) ಮುಗಿದು ತಟ್ಟನೆ ಇನ್ನೊಂದು ಬರುವುದು, ನಮ್ಮನ್ನು ಬೆಚ್ಚಿಬೀಳಿಸಬೇಕಿತ್ತು. ಯೋಚನೆ ಮಾಡಿ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಓಡುವ ಸಿನಿಮಾದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಇಡೀ ಪರದೆಯೇ ಬದಲಾಗಿಬಿಡುತ್ತದೆ. ಅಡುಗೆಮನೆ ಹೋಗಿ ರೈಲ್ವೆ ಸ್ಟೇಷನ್ ಬರುತ್ತದೆ. ನಿಜಜೀವನದಲ್ಲಿ ಹಾಗೆ ಆದರೆ ಕಿರುಚಿಕೊಳ್ಳುತ್ತೇವೆ. ಥಿಯೇಟರಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತಾ ಕೂತಿರುತ್ತೇವೆ. ಟಿಮ್ ಸ್ಮಿತ್ ಮತ್ತು ಜಾನ್ ಹೆಂಡರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿನಿಮಾ ತುಣುಕು ನೋಡುವವರಿಗೆ ಕಟ್ ಕಂಡ ಕೂಡಲೇ ಬಟನ್ ಒತ್ತಿ ಅಂತ ಹೇಳಲಾಗಿತ್ತು. ಅವರಿಗೆ ಇದ್ದದ್ದು ಅದೊಂದೇ ಕೆಲಸ. ಆದರೂ ಒಂದು ಚಲನೆಯ ನಡುವೆ ಹಾಕಿದ ಕಟ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಅವರ ಕಣ್ಣು ತಪ್ಪಿಸಿಕೊಂಡಿತ್ತು. ಇದಕ್ಕಿಂತ ಮುಂಚೆ, 1997ರಲ್ಲಿ, ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಇನ್ನೂ ಮುಂದೆ ಹೋಗಿದ್ದರು. ಮೇಜಿನ ಮುಂದೆ ಕೂತ ಒಬ್ಬ ವ್ಯಕ್ತಿ ಫೋನ್ ಎತ್ತಲು ಏಳುತ್ತಾನೆ, ಕಟ್, ಫೋನ್ ಎತ್ತುವುದು ಬೇರೆಯದೇ ವ್ಯಕ್ತಿ! ನೋಡಿದವರಲ್ಲಿ ಮೂರನೇ ಎರಡರಷ್ಟು ಮಂದಿಗೆ ಆಳು ಬದಲಾಗಿದ್ದೇ ಗೊತ್ತಾಗಲಿಲ್ಲ.

ಎಡಿಟಿಂಗ್ ಟೇಬಲ್ ಹತ್ತಿರ ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಒಬ್ಬಳು ಕಾಫಿ ಲೋಟ ಎತ್ತಿ ಕುಡಿಯುವ ದೃಶ್ಯ ಅಂದುಕೊಳ್ಳಿ. ದೂರದಿಂದ ತೆಗೆದ ಶಾಟ್ ಒಂದಿದೆ, ಮುಖದ ಕ್ಲೋಸಪ್ ಒಂದಿದೆ. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಕೈ ಲೋಟ ಮುಟ್ಟುವ ಮೊದಲು ಕಟ್ ಮಾಡುತ್ತಾರೆ, ಇಲ್ಲ ಲೋಟ ತುಟಿಗೆ ಬಂದು ನಿಂತ ಮೇಲೆ. ಎರಡರಲ್ಲೂ ಕಟ್ ಕಣ್ಣಿಗೆ ಹೊಡೆಯುತ್ತದೆ. ಕೈ ಮೇಲೇಳುತ್ತಾ ಇರುವಾಗಲೇ, ಅರ್ಧ ದಾರಿಯಲ್ಲಿ ಕಟ್ ಮಾಡಿ. ಕಟ್ ಮಾಯ! ಆಗ ನೋಡುಗರ ಕಣ್ಣು ಲೋಟದ ಹಿಂದೆ ಹೊರಟಿರುತ್ತದೆ. ಅದು ಎಲ್ಲಿಗೆ ಹೊರಟಿದೆಯೋ ಅಲ್ಲಿಗೇ ನೀವು ಅದನ್ನು ತಲುಪಿಸಿರುತ್ತೀರಿ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಲೆಕ್ಕಕ್ಕೆ ಸರಿಯಾಗಿ, ಒಂದು ಫ್ರೇಮೂ ಹೆಚ್ಚುಕಮ್ಮಿ ಇಲ್ಲದೆ ಎರಡು ಶಾಟ್ ಜೋಡಿಸಿದರೆ ಕೈ ಚೂರು ಹಾರಿದ ಹಾಗೆ ಅನಿಸುತ್ತದೆ. ಹಾಗಾಗಿ ಎಷ್ಟೋ ಎಡಿಟರ್‌ಗಳು ಹಿಂದಿನ ಶಾಟ್‌ನ ಚಲನೆಯಲ್ಲಿ ಮೂರು ನಾಲ್ಕು ಫ್ರೇಮಿನಷ್ಟನ್ನು ಹೊಸ ಶಾಟ್‌ನಲ್ಲಿ ಮತ್ತೆ ಬರುವ ಹಾಗೆ ಬಿಡುತ್ತಾರೆ. ಅಂದರೆ ಅದೇ ಕೈ ಅದೇ ಜಾಗವನ್ನು ಎರಡು ಸಲ ದಾಟುತ್ತದೆ. ಕಾಗದದ ಮೇಲೆ ಇದು ತಪ್ಪು, ಪರದೆಯ ಮೇಲೆ ಇದೇ ಸರಿ. ಹೊಸ ಚಿತ್ರ ಬಂದಾಗ ನೋಡಬೇಕಾದ್ದು ಎಲ್ಲಿದೆ ಅಂತ ಹುಡುಕಿಕೊಳ್ಳಲು ಕಣ್ಣಿಗೆ ಒಂದಿಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಕಳೆದುಹೋಗುವ ಫ್ರೇಮುಗಳನ್ನು ಎಡಿಟರ್ ಮೊದಲೇ ತುಂಬಿಕೊಟ್ಟಿರುತ್ತಾನೆ. ಇದನ್ನು ಯಾರೂ ಲ್ಯಾಬಿನಲ್ಲಿ ಅಳೆದು ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಕೈಗೆ ಬಂದದ್ದು. ವಿಜ್ಞಾನಿಗಳು ಅಳೆದದ್ದು ಎಷ್ಟೋ ವರ್ಷಗಳ ನಂತರ. ನನಗೆ ಈ ಕಸುಬಿನ ಮೇಲೆ ಇರುವ ಗೌರವಕ್ಕೆ ದೊಡ್ಡ ಕಾರಣ ಇದೇ.

ಸದ್ದಿನದ್ದೂ ಹೀಗೇ. ಮುಂದಿನ ದೃಶ್ಯದ ಸದ್ದನ್ನು ಅರ್ಧ ಸೆಕೆಂಡ್ ಮೊದಲೇ ಬಿಟ್ಟರೆ ಕಟ್ ಇನ್ನೂ ಮೆತ್ತಗಾಗುತ್ತದೆ. ರೈಲಿನ ಕೂಗು ಮೊದಲು, ರೈಲು ಆಮೇಲೆ. ನಾವು ದಿನಾ ಮಾಡುವುದೂ ಅದನ್ನೇ, ಸದ್ದು ಕೇಳಿ ತಿರುಗಿ ನೋಡುವುದು.

ಎಡಿಟಿಂಗ್ ಅಂದ ಕೂಡಲೇ ಎಲ್ಲರೂ ಹೇಳುವ ಕಥೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಅವರದ್ದು. ಸುಮಾರು ನೂರು ವರ್ಷದ ಹಿಂದೆ ಅವರು ಇವಾನ್ ಮೊಜ಼ೂಖಿನ್ ಅನ್ನುವ ನಟನ ಒಂದೇ ಮುಖದ ಶಾಟನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಣ್ಣು, ಹೀಗೆ ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿ ತೋರಿಸಿದರಂತೆ. ಮುಖ ಬದಲಾಗದಿದ್ದರೂ ಜನ ಅದರಲ್ಲಿ ಹಸಿವು, ದುಃಖ, ಆಸೆ ಕಂಡರಂತೆ. ಆ ರೀಲು ಈಗ ಉಳಿದಿಲ್ಲ. 1992ರಲ್ಲಿ ಅಮೆರಿಕದಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ, ಆಮೇಲಿನ ಕೆಲವು ಪ್ರಯೋಗಗಳಲ್ಲಿ ಸಿಕ್ಕಿತು, ಆದರೆ ಕಥೆಯಲ್ಲಿ ಹೇಳುವಷ್ಟು ಜೋರಾಗಿ ಅಲ್ಲ. ಪಕ್ಕದಲ್ಲಿ ಏನಿದೆ ಅನ್ನೋದು ಮುಖದ ಅರ್ಥವನ್ನು ಬದಲಿಸುತ್ತದೆ, ಅದು ನಿಜ. ಆದರೆ ಎಡಿಟರ್ ಏನು ಬೇಕಾದರೂ ಮಾಡಬಲ್ಲ ಅಂತ ಅದನ್ನು ಹಿಗ್ಗಿಸುವುದು ಬೇಡ, ಕೆಟ್ಟ ನಟನೆಯನ್ನು ಯಾವ ಕಟ್ಟೂ ಪೂರ್ತಿ ಮುಚ್ಚುವುದಿಲ್ಲ.

ಇದೆಲ್ಲ ನಾವು ಚಿಕ್ಕಂದಿನಿಂದ ಟಿವಿ ನೋಡಿ ರೂಢಿಯಾದದ್ದಲ್ಲವಾ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿ ಸ್ಟೀಫನ್ ಶ್ವಾನ್ ಮತ್ತು ಸೆರ್ಮಿನ್ ಇಲ್ದಿರಾರ್ ಟರ್ಕಿಯ ಬೆಟ್ಟದ ಹಳ್ಳಿಗಳಿಗೆ ಹೋಗಿದ್ದರು. ಅದುವರೆಗೆ ಸಿನಿಮಾ, ಟಿವಿ ನೋಡೇ ಇರದ ದೊಡ್ಡವರಿಗೆ ಚಿಕ್ಕ ಚಿಕ್ಕ ತುಣುಕು ತೋರಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಸೊಗಸಾಗಿದೆ. ಎಷ್ಟೋ ಕಟ್‌ಗಳು ಅವರಿಗೆ ಅರ್ಥವಾಗಲಿಲ್ಲ. ಆದರೆ ತಮಗೆ ಗೊತ್ತಿರುವ ಒಂದು ಕೆಲಸ ಶಾಟ್‌ನಿಂದ ಶಾಟ್‌ಗೆ ಮುಂದುವರಿಯುತ್ತಾ ಹೋದಾಗ ಅವರು ಸಲೀಸಾಗಿ ಹಿಂಬಾಲಿಸಿದರು. ಅಂದರೆ ಸ್ವಲ್ಪ ಕಲಿತದ್ದು ಇದೆ, ಆದರೆ ಕೆಲಸದ ಎಳೆ ಕೈಗೆ ಸಿಕ್ಕರೆ ಕಟ್‌ಗಳನ್ನು ದಾಟಿಕೊಂಡು ಹೋಗುವ ಶಕ್ತಿ ನಮ್ಮೊಳಗೇ ಇದೆ.

ಹಾಗಾದರೆ ಎಲ್ಲಿ ಕಟ್ ಮಾಡಬೇಕು? ಇದಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ಅಮೆರಿಕದ ಎಡಿಟರ್ ವಾಲ್ಟರ್ ಮರ್ಚ್ ಅವರದ್ದು. ಅಡುಗೆ ಮಾಡುವವರ ಹಾಗೆ ನಿಂತುಕೊಂಡೇ ಎಡಿಟ್ ಮಾಡುವ ಮನುಷ್ಯ. 1979ರ 'ಅಪೊಕ್ಯಾಲಿಪ್ಸ್ ನೌ' ಚಿತ್ರದ ಎಡಿಟರ್‌ಗಳಲ್ಲಿ ಅವರೂ ಒಬ್ಬರು. ಅದಕ್ಕೆ ಶೂಟ್ ಆದ ಫಿಲ್ಮ್ ಸುಮಾರು 12,50,000 ಅಡಿ, ಅಂದರೆ 230 ಗಂಟೆಗೂ ಜಾಸ್ತಿ. ಉಳಿದದ್ದು ಎರಡೂವರೆ ಗಂಟೆಗಿಂತ ಸ್ವಲ್ಪ ಕಮ್ಮಿ. ಅದಕ್ಕೂ ಮುಂಚೆ 1974ರ ಇನ್ನೊಂದು ಚಿತ್ರ ಎಡಿಟ್ ಮಾಡುವಾಗ ಮರ್ಚ್ ಒಂದು ವಿಷಯ ಗಮನಿಸಿದ್ದರು. ಅವರು ಕಟ್ ಮಾಡಬೇಕು ಅಂತ ನಿರ್ಧರಿಸಿದ ಜಾಗದ ಹತ್ತಿರವೇ ನಟ ಜೀನ್ ಹ್ಯಾಕ್‌ಮನ್ ಕಣ್ಣು ಮಿಟುಕಿಸುತ್ತಿದ್ದರು. ಅಲ್ಲಿಂದ ಅವರಿಗೆ ಹೊಳೆಯಿತು, ಕಣ್ಣು ಒಣಗುತ್ತದೆ ಅಂತ ಮಾತ್ರ ನಾವು ರೆಪ್ಪೆ ಬಡಿಯುವುದಿಲ್ಲ, ಒಂದು ಯೋಚನೆ ಮುಗಿದಾಗಲೂ ಬಡಿಯುತ್ತೇವೆ.

ಸುಮ್ನೆ ಕವಿತ್ವ ಅಂತ ತಳ್ಳಿಹಾಕುವ ಹಾಗಿಲ್ಲ. 2009ರಲ್ಲಿ ಜಪಾನಿನ ತಮಾಮಿ ನಕಾನೊ ಮತ್ತು ಸಂಗಡಿಗರು ಮಿಸ್ಟರ್ ಬೀನ್ ತುಣುಕುಗಳನ್ನು ತೋರಿಸಿ ನೋಡುಗರ ರೆಪ್ಪೆಗಳನ್ನು ಲೆಕ್ಕ ಇಟ್ಟರು. ಒಂದು ಕೆಲಸ ಮುಗಿಯುವ ಹೊತ್ತಿಗೆ, ಮುಖ್ಯ ಪಾತ್ರ ಪರದೆಯಿಂದ ಮರೆಯಾದಾಗ, ಹೀಗೆ ಕಥೆ ಉಸಿರು ಬಿಡುವ ಜಾಗದಲ್ಲಿ ಬೇರೆ ಬೇರೆ ಜನ ಒಟ್ಟಿಗೇ ರೆಪ್ಪೆ ಬಡಿಯುತ್ತಿದ್ದರು. ಕಥೆಯೇ ಇಲ್ಲದ, ಬರೀ ಪ್ರಕೃತಿಯ ದೃಶ್ಯ ತೋರಿಸಿದಾಗ ಆ ಹೊಂದಾಣಿಕೆ ಕಾಣಲಿಲ್ಲ.

ನಾನು ಇದನ್ನು ಮೈಮೇಲೆ ಹಾಕಿಕೊಂಡು ಕಲಿತದ್ದು ಒಂದು ಚಿಕ್ಕ ಸಾಕ್ಷ್ಯಚಿತ್ರದಲ್ಲಿ. ಇಳಕಲ್ಲಿನ ಒಬ್ಬ ನೇಕಾರ ಅಜ್ಜ, ಮನೆಯ ಮಗ್ಗ ಮಾರಿದ ದಿನದ ಬಗ್ಗೆ ಹೇಳುತ್ತಿದ್ದರು. "ಅವತ್ತ ಮನಿಯಾಗ ಸಪ್ಪಳಾನ ಇರಲಿಲ್ಲ" ಅಂದು ಸುಮ್ಮನಾದರು. ನಮಗೆ ಚಿತ್ರದ ಅವಧಿ ಜಾಸ್ತಿಯಾಗಿತ್ತು, ಮಾತು ಮುಗಿದ ಕೂಡಲೇ ನಾನು ಕಟ್ ಮಾಡಿ ಮುಂದಕ್ಕೆ ಹೋದೆ. ಮನೆಯಲ್ಲಿ ತೋರಿಸಿದಾಗ ಅಕ್ಕ ಆ ಜಾಗದಲ್ಲಿ ಏನೂ ಆಗದವಳ ಹಾಗೆ ಚಹಾ ತೆಗೆದುಕೊಂಡಳು. ರಾತ್ರಿ ಕೂತು ಆ ಟೇಕನ್ನು ಮತ್ತೆ ನೋಡಿದೆ. ಮಾತು ಮುಗಿದ ಮೇಲೂ ಅಜ್ಜ ಖಾಲಿ ಮೂಲೆಯನ್ನೇ ನೋಡುತ್ತಿದ್ದರು. ಕೈಬೆರಳು ಮೊಣಕಾಲ ಮೇಲೆ ಮಗ್ಗದ ಲಯದಲ್ಲೇ ಎರಡು ಸಲ ಆಡಿದವು. ಆಮೇಲೆ ನಿಧಾನವಾಗಿ ಒಂದು ಸಲ ರೆಪ್ಪೆ ಬಡಿದರು. ಮಾತಿನ ಕೊನೆಯಿಂದ ಆ ರೆಪ್ಪೆಯ ತನಕ ಎಣಿಸಿದರೆ ನಲವತ್ತು ಫ್ರೇಮ್. ನಾವು ಶೂಟ್ ಮಾಡಿದ್ದು ಸೆಕೆಂಡಿಗೆ 25 ಫ್ರೇಮಿನಲ್ಲಿ, ಹಾಗಾಗಿ ಅದು ಒಂದೂವರೆ ಸೆಕೆಂಡಿಗೆ ಚೂರು ಜಾಸ್ತಿ ಅಷ್ಟೇ. ಆ ನಲವತ್ತನ್ನೂ ವಾಪಸ್ ಹಾಕಿ, ರೆಪ್ಪೆ ಮುಚ್ಚುವಲ್ಲಿ ಕಟ್ ಮಾಡಿದೆ. ಎರಡನೇ ಸಲ ತೋರಿಸಿದಾಗ ಅಕ್ಕನ ಚಹಾ ಲೋಟದಲ್ಲೇ ಆರಿಹೋಗಿತ್ತು.